ಕಾಂಡಕೊರಕನ ದಾರಿಯಲ್ಲಿ: ಬೆಂಗಳೂರಿನ ನೆಲದಡಿಯ ಮೆಟ್ರೊ ಕುರಿತು ಮಡಿಕೇರಿಯಲ್ಲಿ ಆಡಿದ ಮಾತು

ರೈಲು ಹಳಿಯೇ ಇಲ್ಲದ ಜಿಲ್ಲೆಗೆ ಬಂದು ನೆಲದೊಳಗೆ ಓಡುವ ರೈಲಿನ ಬಗ್ಗೆ ಮಾತನಾಡುವುದು ಸ್ವಲ್ಪ ಅಧಿಕಪ್ರಸಂಗವೇ. ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಮೊದಲ ಸಲ ರೈಲು ಹತ್ತಿದ್ದು ಪಿಯುಸಿ ಮುಗಿದ ಮೇಲೆ, ಮೈಸೂರಿನಲ್ಲಿ. ಆಮೇಲೆ ಹನ್ನೊಂದು ವರ್ಷ ಬೆಂಗಳೂರಿನ ರಸ್ತೆಗಳ ಅಡಿಯಲ್ಲೇ ಕಳೆದೆ. ಸುರಂಗ ಕೊರೆಯುವ ಯಂತ್ರವನ್ನು ನಡೆಸುವ ಕೆಲಸ ನನ್ನದಾಗಿರಲಿಲ್ಲ. ನಾನು ಅಳತೆಯವರ ಗುಂಪಿನಲ್ಲಿದ್ದೆ. ಕೆಳಗೆ ಯಂತ್ರ ಕೊರೆಯುತ್ತಾ ಹೋದ ಹಾಗೆ ಮೇಲಿನ ಕಟ್ಟಡ ಎಷ್ಟು ಕುಸಿಯಿತು, ಎಷ್ಟು ವಾಲಿತು, ನೆಲದೊಳಗಿನ ನೀರು ಎಷ್ಟು ಇಳಿಯಿತು ಎಂದು ಹಗಲು ರಾತ್ರಿ ನೋಡುತ್ತಿರುವುದು ನಮ್ಮ ಪಾಲಿನ ಕೆಲಸ. ಹಾಗಾಗಿ ಇವತ್ತು ನಾನು ಹೇಳುವುದೆಲ್ಲ ಹೆದರಿಕೊಂಡು ಕೆಲಸ ಮಾಡಿದವರ ಕಥೆ. ಯಂತ್ರ ನಡೆಸಿದವರನ್ನು ಕರೆಸಿದ್ದರೆ ಇನ್ನೂ ರೋಚಕವಾಗಿ ಹೇಳುತ್ತಿದ್ದರು.

ಈ ಸಭೆಯಲ್ಲಿ ಅರೇಬಿಕಾ ಬೆಳೆಯುವವರು ಎಷ್ಟು ಜನ ಇದ್ದೀರಿ? ಹಾಗಿದ್ದರೆ ಸುರಂಗ ಕೊರೆಯುವ ಯಂತ್ರವನ್ನು ನೀವೆಲ್ಲ ನೋಡಿದ್ದೀರಿ. ನಿಮ್ಮ ತೋಟದ ಕಾಂಡಕೊರಕವೇ ಅದು. ಗಿಡದ ಎಲೆ ಹಳದಿಯಾಗಿ ಬಾಡುತ್ತದೆ, ತೊಗಟೆಯ ಮೇಲೆ ಉಬ್ಬು ಗೆರೆ ಕಾಣುತ್ತದೆ, ಕಿತ್ತು ಸೀಳಿದರೆ ಒಳಗೆ ಅಂಕುಡೊಂಕಾದ ಸುರಂಗ. ಆ ಸುರಂಗ ಖಾಲಿ ಇರುವುದಿಲ್ಲ, ಗಮನಿಸಿದ್ದೀರಾ? ಹುಳು ಮುಂದೆ ತಿನ್ನುತ್ತಾ ಹೋಗುತ್ತದೆ, ಹಿಂದೆ ತನ್ನ ಹಿಕ್ಕೆಯನ್ನು ಗಟ್ಟಿಯಾಗಿ ತುಂಬುತ್ತಾ ಹೋಗುತ್ತದೆ. ನೀವು ಹೊಡೆದ ಔಷಧ ಅದರ ಬಳಿಗೆ ತಲುಪದಿರುವುದು ಅದಕ್ಕೇ.

ಸುಮಾರು ಇನ್ನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಮಾರ್ಕ್ ಬ್ರುನೆಲ್ ಎಂಬ ಎಂಜಿನಿಯರ್ ಹೀಗೇ ಕೊರೆಯುವ ಇನ್ನೊಂದು ಜೀವಿಯನ್ನು ನೋಡುತ್ತಾ ಕೂತಿದ್ದ. ಮರದ ಹಡಗುಗಳನ್ನು ಕೊರೆದು ಹಾಳುಮಾಡುವ, ಹುಳುವಿನಂತೆ ಕಾಣುವ ಒಂದು ಮೃದ್ವಂಗಿ ಅದು. ತಲೆಯ ಮೇಲಿನ ಗಟ್ಟಿ ಚಿಪ್ಪಿನಿಂದ ಮರವನ್ನು ಅರೆಯುತ್ತಾ ಹೋಗುವ ಅದು, ಹಿಂದೆ ಉಳಿಯುವ ದಾರಿಗೆ ಸುಣ್ಣದಂಥ ಪದರವನ್ನು ಬಳಿಯುತ್ತದೆ. ಮುಂದೆ ಕೊರೆ, ಸುತ್ತ ಹಿಡಿದುಕೋ, ಹಿಂದೆ ಗೋಡೆ ಕಟ್ಟು. ಬ್ರುನೆಲ್ ಈ ಮೂರನ್ನೂ ಒಂದೇ ಕಬ್ಬಿಣದ ಚೌಕಟ್ಟಿಗೆ ಇಳಿಸಿದ. ಅದರೊಳಗೆ ಸಣ್ಣ ಸಣ್ಣ ಗೂಡುಗಳು, ಗೂಡಿಗೊಬ್ಬ ಕೂಲಿಯವನು, ಎದುರಿನ ಮಣ್ಣಿಗೆ ಅಡ್ಡವಾಗಿ ಹಲಗೆಗಳು. ಒಂದು ಹಲಗೆ ತೆಗೆದು ಸ್ವಲ್ಪ ಅಗೆದು ಮತ್ತೆ ಹಲಗೆ ಇಟ್ಟು ಮುಂದಿನದಕ್ಕೆ ಕೈ ಹಾಕಬೇಕು. ಥೇಮ್ಸ್ ನದಿಯ ಅಡಿಯಲ್ಲಿ 1825ರಲ್ಲಿ ಶುರುವಾದ ಈ ಸುರಂಗ ಜನರಿಗೆ ತೆರೆದದ್ದು 1843ರಲ್ಲಿ. ನಡುವೆ ನದಿ ಹಲವು ಸಲ ಒಳಗೆ ನುಗ್ಗಿತು. 1828ರಲ್ಲಿ ನುಗ್ಗಿದಾಗ ಆರು ಜನ ಸತ್ತರು, ಬ್ರುನೆಲ್‌ನ ಮಗ ಹೇಗೋ ಬದುಕಿ ಬಂದ. ಅದೇ ಸುರಂಗದಲ್ಲಿ ಇಂದಿಗೂ ರೈಲು ಓಡುತ್ತಿದೆ.

ಹಲಗೆ ತೆಗೆದು ಹಲಗೆ ಇಡುವ ಆ ಕೂಲಿಯವನು ಇಡೀ ವಿದ್ಯೆಯ ಸಾರ. ನೆಲದೊಳಗೆ ಮಣ್ಣು ತೆಗೆಯುವುದು ದೊಡ್ಡ ವಿಷಯವೇ ಅಲ್ಲ, ಅದನ್ನು ಹೆಗ್ಗಣವೂ ಮಾಡುತ್ತದೆ. ಮಣ್ಣು ತೆಗೆದದ್ದು ಮೇಲಿನ ಮನೆಗೆ ಗೊತ್ತಾಗಬಾರದು. ಕಷ್ಟವೆಲ್ಲ ಅಲ್ಲಿದೆ.

ಈಗಿನ ಯಂತ್ರ ಹೇಗಿರುತ್ತದೆ ಎಂದು ಹೇಳುತ್ತೇನೆ. ನಮ್ಮಲ್ಲಿ ಬಾವಿಗೆ ಸಿಮೆಂಟ್ ರಿಂಗ್ ಇಳಿಸುವುದನ್ನು ನೋಡಿರುತ್ತೀರಿ. ರಿಂಗಿನ ಒಳಗೆ ಕೂತು ಅಡಿಯ ಮಣ್ಣು ತೆಗೆದ ಹಾಗೆ ರಿಂಗ್ ಕೆಳಗಿಳಿಯುತ್ತದೆ, ಅದರ ಮೇಲೆ ಇನ್ನೊಂದು ರಿಂಗ್ ಕೂರುತ್ತದೆ. ಆ ಬಾವಿಯನ್ನು ಅಡ್ಡ ಮಲಗಿಸಿ, ಸುಮಾರು ಆರೂವರೆ ಮೀಟರ್ ಅಗಲ ಮಾಡಿ. ಮುಂಭಾಗದಲ್ಲಿ ನಿಧಾನವಾಗಿ ತಿರುಗುವ ಉಕ್ಕಿನ ತಟ್ಟೆ, ಅದರ ತುಂಬ ಕಟರ್‌ಗಳು. ಹಿಂದೆ ಉಕ್ಕಿನ ಕೊಳವೆಯಂಥ ಕವಚ. ಕವಚದ ಬಾಲದೊಳಗೆ ಕಾಂಕ್ರೀಟಿನ ಬಾಗಿದ ತುಂಡುಗಳನ್ನು ಒಂದೊಂದಾಗಿ ಜೋಡಿಸಿ ಪೂರ್ತಿ ಬಳೆ ಮಾಡುತ್ತಾರೆ. ಕೊನೆಗೆ ಉಳಿಯುವ ಸಣ್ಣ ಜಾಗಕ್ಕೆ ಬೆಣೆಯಂಥ ತುಂಡನ್ನು ತುರುಕಿದರೆ ಬಳೆ ಬಿಗಿಯುತ್ತದೆ. ಈ ಬಳೆಗೆ ಜಾಕ್‌ಗಳನ್ನು ಒತ್ತಿ ಯಂತ್ರ ತನ್ನನ್ನು ತಾನೇ ಮುಂದಕ್ಕೆ ತಳ್ಳಿಕೊಳ್ಳುತ್ತದೆ. ತಾನು ಕಟ್ಟಿದ ಗೋಡೆಗೇ ಕಾಲು ಕೊಟ್ಟು ಮುಂದೆ ಹೋಗುವ ಪ್ರಾಣಿ ಎನ್ನಿ. ಅದಕ್ಕೆ ಹಿಂದೆ ಬರುವುದು ಗೊತ್ತಿಲ್ಲ. ಹಿಂದೆ ಕಟ್ಟಿದ ಬಳೆ ಅದರ ಮೈಗಿಂತ ಸಣ್ಣದು.

ಈ ಯಂತ್ರಗಳಿಗೆ ಹೆಣ್ಣು ಹೆಸರಿಡುವ ಸಂಪ್ರದಾಯ ಲೋಕದಲ್ಲೆಲ್ಲ ಇದೆ. ಬೆಂಗಳೂರಿನ ಮೊದಲ ಹಂತದಲ್ಲಿ ಹೆಲೆನ್, ಮಾರ್ಗರಿಟಾ ಅಂದರು, ಆಮೇಲೆ ಕಾವೇರಿ, ಕೃಷ್ಣಾ, ಗೋದಾವರಿ ಅಂದರು. ನಮ್ಮ ತಲಕಾವೇರಿಯ ತಾಯಿಯ ಹೆಸರನ್ನು ಚಿಕ್ಕಪೇಟೆಯ ಅಡಿಯ ಬಂಡೆಗೆ ಮುಖ ಕೊಟ್ಟ ಯಂತ್ರಕ್ಕೆ ಇಟ್ಟಿದ್ದಾರೆಂದು ಮನೆಯಲ್ಲಿ ಹೇಳಿದಾಗ ನನ್ನ ದೊಡ್ಡಮ್ಮನಿಗೆ ಸಿಟ್ಟು ಬಂದಿತ್ತು. ಗೋದಾವರಿಯ ಕತ್ತರಿಸುವ ತಲೆ ಕೆಟ್ಟು ಯಂತ್ರ ತಿಂಗಳುಗಟ್ಟಲೆ ನಿಂತದ್ದನ್ನು ಹೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು, ‘ನಮ್ಮವಳು ನಿಲ್ಲಲಿಲ್ಲವಲ್ಲ’ ಎಂದರು.

ಯಂತ್ರ ಯಾಕೆ ನಿಲ್ಲುತ್ತದೆ? ಅದಕ್ಕೆ ಬೆಂಗಳೂರಿನ ನೆಲ ಎಂಥದು ಎಂದು ತಿಳಿಯಬೇಕು.

ಲಾಲ್‌ಬಾಗ್‌ನ ಬಂಡೆಯ ಮೇಲೆ ನೀವೆಲ್ಲ ಹತ್ತಿರಬಹುದು. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಅದು. ಇಡೀ ಬೆಂಗಳೂರು ಅಂಥ ಬಂಡೆಯ ಮೇಲೆ ಕೂತಿದೆ. ಇಡೀ ನೆಲ ಆ ಬಂಡೆಯೇ ಆಗಿದ್ದರೆ ನಮಗೆ ತೊಂದರೆಯೇ ಇರಲಿಲ್ಲ. ಬಂಡೆ ಗಟ್ಟಿ, ನಿಧಾನವಾಗಿ ಕೊರೆಯಬಹುದು, ಮೇಲೆ ಏನೂ ಕುಸಿಯುವುದಿಲ್ಲ. ಇಡೀ ನೆಲ ಮಣ್ಣಾಗಿದ್ದರೂ ಸರಿಯೇ, ದೆಹಲಿಯಲ್ಲಿ ಬಹಳ ದೂರ ಹಾಗೇ ಕೊರೆದರು. ಬೆಂಗಳೂರಿನಲ್ಲಿ ಎರಡೂ ಒಟ್ಟಿಗೇ ಎದುರಾಗುತ್ತವೆ. ನೀವು ಕಾಫಿ ಒಣಗಿಸುವ ಕಣಕ್ಕೆಂದು ಗುಡ್ಡ ಸಮ ಮಾಡುವಾಗ ಏನಾಗುತ್ತದೆ? ಕೆಂಪು ಮಣ್ಣು ಬೆಣ್ಣೆಯ ಹಾಗೆ ಬರುತ್ತಿರುತ್ತದೆ, ಇದ್ದಕ್ಕಿದ್ದಂತೆ ಜೆಸಿಬಿಯ ಹಲ್ಲಿಗೆ ಆನೆಯಷ್ಟು ದೊಡ್ಡ ಬಂಡೆ ಸಿಗುತ್ತದೆ. ಅದರ ಪಕ್ಕದಲ್ಲಿ ಮತ್ತೆ ಮಣ್ಣು. ನೀರು ಬಿರುಕುಗಳಲ್ಲಿ ಇಳಿದು ಲಕ್ಷಾಂತರ ವರ್ಷ ಕಲ್ಲನ್ನು ಕೊಳೆಸಿದೆ. ಬಿರುಕಿದ್ದಲ್ಲಿ ಮಣ್ಣಾಗಿದೆ, ಇಲ್ಲದಲ್ಲಿ ಉಂಡೆಯಾಗಿ ಉಳಿದಿದೆ. ಬೆಂಗಳೂರಿನ ಅಡಿಯಲ್ಲೂ ಅದೇ ಕಥೆ.

ಈಗ ಯಂತ್ರದ ಮುಖವನ್ನು ಮನಸ್ಸಿಗೆ ತಂದುಕೊಳ್ಳಿ. ಕೆಳಗಿನ ಅರ್ಧ ಗಟ್ಟಿ ಬಂಡೆ, ಮೇಲಿನ ಅರ್ಧ ಒದ್ದೆ ಮಣ್ಣು. ಕಟರ್ ಎಂದರೆ ಉಕ್ಕಿನ ಚಕ್ರ. ಬಂಡೆಯ ಮೇಲೆ ಒತ್ತಿಕೊಂಡು ಉರುಳುತ್ತಾ ಚಕ್ಕೆ ಏಳಿಸುವುದು ಅದರ ಕೆಲಸ. ತಟ್ಟೆ ಒಂದು ಸುತ್ತು ತಿರುಗಿದಾಗ ಪ್ರತಿಯೊಂದು ಚಕ್ರವೂ ಮಣ್ಣಿನಿಂದ ಹೊರಬಂದು ಬಂಡೆಯ ಅಂಚಿಗೆ ಢಿಕ್ಕಿ ಹೊಡೆಯುತ್ತದೆ. ಮಣ್ಣಿನಲ್ಲಿ ಅದು ಉರುಳುವುದೂ ಇಲ್ಲ, ಸುಮ್ಮನೆ ಎಳೆದುಕೊಂಡು ಹೋಗಿ ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ. ಒಂದು ಚಕ್ರ ಹಾಳಾದರೆ ಅದರ ಭಾರ ಪಕ್ಕದ್ದಕ್ಕೆ, ಅದೂ ಹೋದರೆ ಮುಂದಿನದಕ್ಕೆ. ಎರಡನೇ ಹಂತದ ಮೊದಲ ಯಂತ್ರ ಊರ್ಜಾ ಕಂಟೋನ್ಮೆಂಟಿನಿಂದ ಶಿವಾಜಿನಗರಕ್ಕೆ ಹೊರಟದ್ದು 2020ರ ನಡುವಿನಲ್ಲಿ, ಗೋಡೆ ಒಡೆದು ಹೊರಗೆ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. ದೂರ ಸುಮಾರು 850 ಮೀಟರ್. ಲೆಕ್ಕ ಹಾಕಿ, ದಿನಕ್ಕೆ ಎರಡು ಮೀಟರ್. ಇಲ್ಲಿಂದ ಹೊರಟರೆ ರಾಜಾಸೀಟಿಗೆ ತಲುಪಲು ವರ್ಷ ಬೇಕು.

ಸವೆದ ಚಕ್ರವನ್ನು ಬದಲಾಯಿಸಲು ಮನುಷ್ಯರು ಮುಂದೆ ಹೋಗಬೇಕು. ತಟ್ಟೆಯ ಹಿಂದಿನ ಕೋಣೆ ಯಾವಾಗಲೂ ಮಣ್ಣಿನಿಂದ ತುಂಬಿರುತ್ತದೆ. ಎದುರಿನ ನೆಲವನ್ನು ಹಿಡಿದು ನಿಲ್ಲಿಸುವುದೇ ಆ ಮಣ್ಣಿನ ಒತ್ತಡ. ಅದನ್ನು ಖಾಲಿ ಮಾಡಿದರೆ ಹಿಡಿಯುವವರಿಲ್ಲ. ಆದ್ದರಿಂದ ಮಣ್ಣಿನ ಬದಲು ಒತ್ತಿದ ಗಾಳಿಯನ್ನು ತುಂಬಿ, ಆ ಗಾಳಿಯೊಳಗೆ ಕೆಲಸಗಾರರನ್ನು ಕಳುಹಿಸುತ್ತಾರೆ. ಹತ್ತು ಮೀಟರ್ ನೀರಿಗೆ ಒಂದು ಬಾರ್ ಒತ್ತಡ ಎಂದು ಲೆಕ್ಕ, ಇಪ್ಪತ್ತು ಮೀಟರ್ ಆಳದಲ್ಲಿ ಎರಡು ಬಾರ್. ಒಳಗೆ ಹೋಗುವ ಮುನ್ನ ಸಣ್ಣ ಕೋಣೆಯಲ್ಲಿ ಕೂರಿಸಿ ನಿಧಾನವಾಗಿ ಒತ್ತಡ ಏರಿಸುತ್ತಾರೆ, ಬರುವಾಗ ಇನ್ನೂ ನಿಧಾನವಾಗಿ ಇಳಿಸುತ್ತಾರೆ. ಅವಸರ ಮಾಡಿದರೆ ಮುಳುಗುಗಾರರಿಗೆ ಆಗುವಂತೆ ರಕ್ತದಲ್ಲಿ ಗಾಳಿಯ ಗುಳ್ಳೆ ಏಳುತ್ತದೆ. ನೇರಳೆ ಮಾರ್ಗದಲ್ಲಿ ಹವಾನಿಯಂತ್ರಿತ ಬೋಗಿಯಲ್ಲಿ ಮೊಬೈಲ್ ನೋಡುತ್ತಾ ವಿಧಾನಸೌಧ ದಾಟುವವರಿಗೆ ಇದು ನೆನಪಾಗಬೇಕಿಲ್ಲ. ನನಗೆ ಮಾತ್ರ ಪ್ರತಿಸಲ ಆ ಸಣ್ಣ ಕೋಣೆಯ ಬಾಗಿಲಿನ ಸದ್ದು ನೆನಪಾಗುತ್ತದೆ.

ಒತ್ತಡದ ವಿಷಯವನ್ನು ಇನ್ನಷ್ಟು ಹೇಳಬೇಕು, ಅವಘಡಗಳೆಲ್ಲ ಹುಟ್ಟುವುದು ಅಲ್ಲೇ. ಮುಂದಿನ ಕೋಣೆಯಿಂದ ಮಣ್ಣು ಒಂದು ತಿರುಪಿನ ಮೂಲಕ ಹಿಂದಕ್ಕೆ ಬರುತ್ತದೆ. ತಿರುಪಿನ ಬಾಯಿ ತೆರೆದೇ ಇರುವಾಗ ಒತ್ತಡ ಹೇಗೆ ನಿಲ್ಲುತ್ತದೆ? ನೂಪುಟ್ಟು, ಅಂದರೆ ಒತ್ತು ಶ್ಯಾವಿಗೆ, ಒತ್ತಿದವರಿಗೆ ಇದು ಗೊತ್ತು. ಹಿಟ್ಟು ನೀರಾದರೆ ಬುಳಕ್ ಎಂದು ಹೊರಗೆ ಬರುತ್ತದೆ, ಗಟ್ಟಿಯಾದರೆ ಕೈ ಸೋತರೂ ಇಳಿಯುವುದಿಲ್ಲ. ಹದವಾಗಿದ್ದರೆ ಹಿಟ್ಟೇ ಬಿರಡೆಯ ಹಾಗೆ ಒತ್ತಡ ಹಿಡಿದುಕೊಂಡು ಬೇಕಾದಷ್ಟೇ ಹೊರಬರುತ್ತದೆ. ಯಂತ್ರದಲ್ಲಿ ಮಣ್ಣಿಗೆ ಸೋಪಿನ ನೊರೆಯಂಥದನ್ನು ಬೆರೆಸಿ ಆ ಹದ ತರುತ್ತಾರೆ. ಬಂಡೆಯ ಚೂರು, ಮರಳು, ಜೇಡಿ ಎಲ್ಲ ಬೆರೆತು ಬರುವ ಬೆಂಗಳೂರಿನಲ್ಲಿ ಗಂಟೆಗೊಂದು ಹದ.

ಕೆಳಗೆ ಬಂಡೆ, ಮೇಲೆ ಮಣ್ಣು ಇರುವ ಜಾಗಕ್ಕೆ ಮತ್ತೆ ಬನ್ನಿ. ಬಂಡೆಯಿಂದಾಗಿ ಯಂತ್ರ ಆಮೆಯ ಹಾಗೆ ಹೋಗುತ್ತದೆ. ತಟ್ಟೆ ಮಾತ್ರ ತಿರುಗುತ್ತಲೇ ಇರುತ್ತದೆ, ಮೇಲಿನ ಮೆತ್ತನೆಯ ಮಣ್ಣು ಕರಗಿ ಒಳಗೆ ಬೀಳುತ್ತಲೇ ಇರುತ್ತದೆ. ಹತ್ತು ಸೆಂಟಿಮೀಟರ್ ಮುಂದೆ ಹೋಗುವಷ್ಟರಲ್ಲಿ ಅರ್ಧ ಮೀಟರಿನ ಮಣ್ಣು ಒಳಗೆ ಬಂದಿರಬಹುದು. ಹೆಚ್ಚಿಗೆ ಬಂದ ಮಣ್ಣು ಇದ್ದ ಜಾಗ ಈಗ ಪೊಳ್ಳು. ಆ ಪೊಳ್ಳು ಅಲ್ಲೇ ಇರುವುದಿಲ್ಲ, ಚಾವಣಿ ಉದುರುತ್ತಾ ಉದುರುತ್ತಾ ಮೇಲಕ್ಕೆ ಬರುತ್ತದೆ. ಡಾಂಬರಿನ ಅಡಿಗೆ ಬಂದು ನಿಲ್ಲುತ್ತದೆ. ಒಂದು ದಿನ ಸ್ಕೂಟರಿನವನು ಬೀಳುತ್ತಾನೆ. 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆಯ ಹತ್ತಿರ ರಸ್ತೆ ಬಾಯಿಬಿಟ್ಟ ಚಿತ್ರವನ್ನು ಪತ್ರಿಕೆಗಳಲ್ಲಿ ನೀವು ನೋಡಿರಬೇಕು.

ಅದಕ್ಕಾಗಿ ಹೊರಗೆ ಬಂದ ಮಣ್ಣನ್ನು ಲೆಕ್ಕ ಇಡುತ್ತೇವೆ. ಆರೂವರೆ ಮೀಟರ್ ಅಗಲದ ಸುರಂಗ ಒಂದು ಮೀಟರ್ ಮುಂದೆ ಹೋದರೆ 33-34 ಘನಮೀಟರ್ ನೆಲ ಹೊರಗೆ ಬರಬೇಕು. ಕಡಿಮೆ ಬಂದರೆ ಅನುಮಾನ, ಹೆಚ್ಚು ಬಂದರೆ ಭಯ. ಎಷ್ಟು ಹೆಚ್ಚು ಬಂದರೆ ಭಯ? ಶೇಕಡಾ ಒಂದರಷ್ಟು ಹೆಚ್ಚು ಬಂದಿತೆನ್ನಿ. ಸುರಂಗ 15 ಮೀಟರ್ ಆಳದಲ್ಲಿದ್ದರೆ ಮೇಲಿನ ನೆಲ ಸುಮಾರು 18 ಮಿಲಿಮೀಟರ್ ತಗ್ಗುತ್ತದೆ. ನಿಮ್ಮ ಹೆಬ್ಬೆರಳಿನಷ್ಟು ಅಗಲ. ಇಡೀ ಕಟ್ಟಡ ಒಟ್ಟಿಗೆ ಹೆಬ್ಬೆರಳಿನಷ್ಟು ಇಳಿದರೆ ಏನೂ ಆಗುವುದಿಲ್ಲ. ನೆಲ ಹಾಗೆ ಇಳಿಯುವುದಿಲ್ಲವಲ್ಲ, ಹಳೆಯ ಹಾಸಿಗೆಯ ಹಾಗೆ ನಡುವೆ ತಗ್ಗಾಗುತ್ತದೆ. ಮನೆಯ ಒಂದು ಮೂಲೆ ತಗ್ಗಿನಲ್ಲಿ, ಇನ್ನೊಂದು ಮೂಲೆ ಗಟ್ಟಿ ನೆಲದಲ್ಲಿ. ಆಗ ಬಿರುಕು ಬಿಡುತ್ತದೆ. ಕಬ್ಬಿಣ ಹಾಕಿದ ಹೊಸ ಕಟ್ಟಡ ತಡೆದುಕೊಳ್ಳುತ್ತದೆ. ಚಿಕ್ಕಪೇಟೆಯಂಥ ಕಡೆ ಸುಣ್ಣದ ಗಾರೆಯ, ಒಂದರ ಗೋಡೆಗೆ ಇನ್ನೊಂದು ಒರಗಿದ ಮನೆಗಳು ತಡೆಯುವುದಿಲ್ಲ. ಅಂಥ ಗಲ್ಲಿಗಳಲ್ಲಿ ಯಂತ್ರ ಬರುವ ಮೊದಲೇ ಮನೆ ಮನೆಗೆ ಹೋಗಿ ಹಳೆಯ ಬಿರುಕುಗಳ ಫೋಟೊ ತೆಗೆದುಕೊಳ್ಳುತ್ತಿದ್ದೆವು. ಒಬ್ಬ ಅಜ್ಜಿ ನನ್ನನ್ನು ಒಳಗೆ ಕರೆದು ದೇವರ ಕೋಣೆಯ ಬಿರುಕನ್ನು ತೋರಿಸಿ, ‘ಇದು ನನ್ನ ಮದುವೆಯ ವರ್ಷದ್ದು, ನಿಮ್ಮ ಲೆಕ್ಕಕ್ಕೆ ಬರೆದುಕೊಳ್ಳಬೇಡಿ’ ಎಂದರು. ಅಷ್ಟು ಪ್ರಾಮಾಣಿಕರು ಎಲ್ಲ ಬೀದಿಗಳಲ್ಲೂ ಸಿಗಲಿಲ್ಲ. ನಮ್ಮ ಕಡೆಯವರೂ ಎಲ್ಲ ಬಿರುಕುಗಳನ್ನು ಒಪ್ಪಿಕೊಳ್ಳಲಿಲ್ಲ, ಅದನ್ನೂ ಹೇಳಬೇಕು.

ಬಿರುಕಿನ ಮಾತು ಬಂದದ್ದರಿಂದ ಸ್ವಲ್ಪ ದಾರಿ ತಪ್ಪುತ್ತೇನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಕಾಲೂರು, ಹೆಮ್ಮೆತ್ತಾಳುಗಳಲ್ಲಿ ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ನನ್ನ ದೊಡ್ಡಮ್ಮನ ಮನೆ ಮಕ್ಕಂದೂರಿನ ಕಡೆ. ಮನೆ ಉಳಿಯಿತು, ಹಿಂದಿನ ಬರೆ, ಅಂದರೆ ಕಡಿದಾದ ಗುಡ್ಡದ ಬದಿ, ಕುಸಿದು ಅಂಗಳಕ್ಕೆ ಬಂದು ನಿಂತಿತು. ಒಂದು ಗೋಡೆಯಲ್ಲಿ ಉದ್ದಕ್ಕೆ ಬಿರುಕು. ನಾನು ಬೆಂಗಳೂರಿನಿಂದ ಬಂದವನು, ಕೈಯಲ್ಲಿ ಯಾವ ಉಪಕರಣವೂ ಇರಲಿಲ್ಲ. ಒಡೆದ ಕಿಟಕಿಯ ಗಾಜಿನ ಉದ್ದನೆಯ ಚೂರುಗಳನ್ನು ಬಿರುಕಿಗೆ ಅಡ್ಡವಾಗಿ ಸಿಮೆಂಟಿನಲ್ಲಿ ಅಂಟಿಸಿದೆ, ಒಟ್ಟು ನಾಲ್ಕು. ಗಾಜು ಬಾಗುವುದಿಲ್ಲ, ಗೋಡೆ ಕೂದಲೆಳೆ ಸರಿದರೂ ಸೀಳುತ್ತದೆ. ಎಂಜಿನಿಯರುಗಳ ಅಜ್ಜಂದಿರ ಕಾಲದ ಉಪಾಯ. ‘ಗಾಜು ಒಡೆದರೆ ಹೊರಡಿ’ ಎಂದು ಹೇಳಿ ಬಂದೆ. ಆ ಮಳೆಗಾಲ ಮುಗಿಯುವವರೆಗೆ ದೊಡ್ಡಮ್ಮ ಬೆಳಿಗ್ಗೆ ಎದ್ದು ಮೊದಲು ದೀಪ ಹಚ್ಚಿ, ಆಮೇಲೆ ಟಾರ್ಚ್ ಹಿಡಿದು ಗಾಜು ನೋಡುತ್ತಿದ್ದರು. ಬೆಂಗಳೂರಿನಲ್ಲಿ ಗೋಡೆಗಳಿಗೆ ಅಂಟಿಸಿದ ಪ್ರಿಸಂಗಳು, ವಾಲುವಿಕೆ ಅಳೆಯುವ ಪೆಟ್ಟಿಗೆಗಳು, ಕೊಳವೆಯೊಳಗೆ ಇಳಿಬಿಟ್ಟ ಪಿಜೋಮೀಟರುಗಳು ಮಾಡುವುದೂ ಅದನ್ನೇ. ಬೆಲೆ ಮಾತ್ರ ಬೇರೆ. ಪಿಜೋಮೀಟರ್ ಎಂದರೆ ನೆಲದೊಳಗಿನ ನೀರಿನ ಒತ್ತಡ ಅಳೆಯುವ ಸಾಧನ. ಇಡೀ ಕೆಲಸದಲ್ಲಿ ಒಂದೇ ಉಪಕರಣ ಕೊಡುತ್ತೇವೆ ಎಂದರೆ ನಾನು ಅದನ್ನೇ ಕೇಳುತ್ತೇನೆ.

ಯಾಕೆಂದರೆ ಮಣ್ಣು ಒಂಟಿಯಾಗಿ ಬಹಳ ಸಲ ಮೋಸ ಮಾಡುವುದಿಲ್ಲ, ನೀರು ಜೊತೆಗೆ ಸೇರಿದಾಗ ಮಾಡುತ್ತದೆ. ಗದ್ದೆಯ ಬದುವಿನಲ್ಲಿ ಏಡಿ ಬಿಲ ತೋಡಿದ್ದನ್ನು ಸಂಜೆ ನೋಡಿ, ನಾಳೆ ಮುಚ್ಚಿದರಾಯಿತು ಎಂದು ಬಿಟ್ಟವರು ಇಲ್ಲಿ ಇದ್ದೇ ಇರುತ್ತೀರಿ. ಬೆರಳಿನಷ್ಟು ತೂತು. ನೀರು ಹರಿಯುತ್ತದೆ, ಹರಿಯುವಾಗ ಮಣ್ಣಿನ ಕಣವನ್ನೂ ಎತ್ತಿಕೊಂಡು ಹೋಗುತ್ತದೆ, ತೂತು ದೊಡ್ಡದಾಗುತ್ತದೆ, ಆಗ ಇನ್ನೂ ಜೋರಾಗಿ ಹರಿಯುತ್ತದೆ. ಬೆಳಿಗ್ಗೆ ಬದುವೇ ಇಲ್ಲ. 2019ರ ಆಗಸ್ಟ್ 31ರಂದು ಕೋಲ್ಕತ್ತಾದ ಬೌಬಜಾರಿನಲ್ಲಿ ಚಂಡಿ ಎಂಬ ಯಂತ್ರ ನೆಲದಡಿಯ ನೀರಿನ ಸೆಲೆಗೆ ಸಿಕ್ಕಿದಾಗ ಆದದ್ದು ಇದೇ. ನೀರು ಮತ್ತು ಹೂಳು ಸುರಂಗದೊಳಗೆ ನುಗ್ಗಿತು, ಮೇಲೆ ಹಳೆಯ ಮನೆಗಳು ಕುಸಿದವು, ನೂರಾರು ಜನ ಉಟ್ಟ ಬಟ್ಟೆಯಲ್ಲಿ ಹೊರಬಂದರು. ಅದೇ ಮಾರ್ಗದ ಬೇರೆ ತುದಿಯಲ್ಲಿ ಹೂಗ್ಲಿ ನದಿಯ ಅಡಿಯಲ್ಲೇ ತೊಂದರೆಯಿಲ್ಲದೆ ಸುರಂಗ ಕೊರೆದಿದ್ದರು. ನದಿ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಎಲ್ಲರೂ ತಯಾರಾಗಿರುತ್ತಾರೆ. ಬೀದಿಯ ಅಡಿಯ ನೀರಿಗೆ ಹೆಸರಿಲ್ಲ.

ಬೆಂಗಳೂರಿನಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಹಳೆಯ ಬಾವಿಗಳು. ಕಾವೇರಿ ನೀರು ನಲ್ಲಿಯಲ್ಲಿ ಬರುವ ಮೊದಲು ಮನೆಗೊಂದು ಬಾವಿ ಇದ್ದ ಊರು ಅದು. ನಲ್ಲಿ ಬಂದ ಮೇಲೆ ಕಸ, ಮಣ್ಣು, ಕಟ್ಟಡದ ಚೂರು ತುಂಬಿ ಮುಚ್ಚಿದರು, ಮೇಲೆ ಕೋಣೆ ಕಟ್ಟಿದರು, ಮನೆ ಮಾರಿದರು. ಈಗಿನ ಮಾಲೀಕರಿಗೆ ಅಡುಗೆಮನೆಯ ಅಡಿಯಲ್ಲಿ ನಲವತ್ತು ಅಡಿಯ ಬಾವಿ ಇರುವುದು ಗೊತ್ತಿಲ್ಲ, ನಕ್ಷೆಯಲ್ಲಿ ಇಲ್ಲ. ಯಂತ್ರದ ಒತ್ತಡ ಆ ಸಡಿಲ ಮಣ್ಣಿಗೆ ತಾಗಿದರೆ ಒಂದೋ ಬಾವಿ ಕೆಳಗಿಳಿಯುತ್ತದೆ, ಇಲ್ಲವೇ ಯಂತ್ರದ ನೊರೆ ಅಡುಗೆಮನೆಗೆ ಬರುತ್ತದೆ. ನಾನು ಎರಡನ್ನೂ ಕಂಡಿದ್ದೇನೆ. ಬಾವಿಯ ಸುದ್ದಿ ಗೊತ್ತಿರುವುದು ಬೀದಿಯ ಹಳಬರಿಗೆ. ಹಾಗಾಗಿ ಒಂದು ಹೊತ್ತಿನಲ್ಲಿ ನನ್ನ ಕೆಲಸವೇ ವಯಸ್ಸಾದವರ ಜೊತೆ ಕೂತು ಕಾಫಿ ಕುಡಿಯುವುದಾಗಿತ್ತು. ಆ ಕಾಫಿಯಲ್ಲಿ ಚಿಕೋರಿ ಎಷ್ಟಿರುತ್ತಿತ್ತು ಎಂಬುದನ್ನು ಈ ಊರಿನಲ್ಲಿ ಹೇಳಲಾರೆ.

ಇಷ್ಟು ಹೊತ್ತು ಹೇಳಿದ್ದು ಸುರಂಗ. ನಿಲ್ದಾಣವನ್ನು ಯಂತ್ರ ಕೊರೆಯುವುದಿಲ್ಲ, ಮೇಲಿನಿಂದ ಅಗೆಯಬೇಕು. ನೇರವಾಗಿ ಆರೇಳು ಮಹಡಿಯಷ್ಟು ಆಳ, ಇನ್ನೂರು ಮೀಟರಿಗೂ ಮಿಕ್ಕಿದ ಉದ್ದ. ಅಂದರೆ ಊರ ನಡುವೆ ನಾಲ್ಕೂ ಕಡೆ ಬರೆ ಕಡಿದ ಹಾಗೆ. ನಮ್ಮ ಹಿರಿಯರು ತೋಡಿದ ಕಡಂಗಗಳು, ಅಂದರೆ ಆಳದ ಕಂದಕಗಳು, ಶತಮಾನಗಳಾದರೂ ನಿಂತಿವೆ, ನಿಜ. ಅವುಗಳ ಅಂಚಿನಲ್ಲಿ ಮೂರು ಮಹಡಿಯ ವಸತಿಗೃಹ ಇರಲಿಲ್ಲ, ಬಸ್ಸು ಓಡುತ್ತಿರಲಿಲ್ಲ, ಬೇರು ಬಿಟ್ಟ ಮರಗಳಿದ್ದವು. ನಗರದಲ್ಲಿ ಅಗೆಯುವ ಮೊದಲೇ ಗೋಡೆ ಕಟ್ಟಬೇಕು. ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಕಾಂಕ್ರೀಟಿನ ಕಂಬಗಳ ಸಾಲನ್ನು ನೆಲದೊಳಗೆ ಇಳಿಸುತ್ತಾರೆ, ಆಮೇಲೆ ಒಳಗಿನ ಮಣ್ಣು ತೆಗೆಯುತ್ತಾರೆ. ಕೆಳಗೆ ಹೋದ ಹಾಗೆ ಗೋಡೆಯಿಂದ ಗೋಡೆಗೆ ಉಕ್ಕಿನ ತೊಲೆ ಕೊಟ್ಟು ಒತ್ತು ಕೊಡುತ್ತಾರೆ. ರಸ್ತೆ ಮುಚ್ಚಲಾಗದ ಕಡೆ ಮೊದಲು ಚಾವಣಿ ಹಾಕಿ, ಅದರ ಮೇಲೆ ವಾಹನ ಬಿಟ್ಟು, ಕೆಳಗೆ ಕತ್ತಲಲ್ಲಿ ಅಗೆಯುತ್ತಾ ಹೋಗುತ್ತಾರೆ.

ಗೋಡೆ ಎಂದ ತಕ್ಷಣ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ತಡೆಗೋಡೆ ಎಂದರೆ ಮಡಿಕೇರಿಯವರಿಗೆ ನಗು ಬರುವ ಕಾರಣ ನನಗೂ ಗೊತ್ತು, ಯಾವ ಗೋಡೆ ಎಂದು ನಾನು ಹೇಳುವುದಿಲ್ಲ. ಲೆಕ್ಕವನ್ನು ಮಾತ್ರ ಹೇಳುತ್ತೇನೆ: ಗೋಡೆಯ ಹಿಂದೆ ಬರೀ ಮಣ್ಣಿದ್ದರೆ ಬೀಳುವ ಒತ್ತಡ ಒಂದು, ಅದೇ ಮಣ್ಣಿನಲ್ಲಿ ನೀರು ನಿಂತರೆ ಹೆಚ್ಚುಕಡಿಮೆ ಎರಡರಷ್ಟು. ಗೋಡೆಯ ತೂತುಗಳಿಂದ ನೀರು ಸೋರುತ್ತಿದ್ದರೆ ಸಂತೋಷ ಪಡಿ. ಜೋರು ಮಳೆಯಲ್ಲೂ ತೂತು ಒಣಗಿದ್ದರೆ ಅಲ್ಲಿ ಕಾರು ನಿಲ್ಲಿಸಬೇಡಿ.

ಅಗೆದ ಗುಂಡಿಗೆ ಬರುವ ನೀರನ್ನು ಪಂಪ್ ಮಾಡುತ್ತಲೇ ಇರಬೇಕು. ಹೆಚ್ಚು ಪಂಪ್ ಮಾಡಿದರೆ ಅಕ್ಕಪಕ್ಕದ ಕೊಳವೆಬಾವಿ ಬತ್ತುತ್ತದೆ, ನೀರು ಇಳಿದ ಮಣ್ಣು ಕುಗ್ಗಿ ಮನೆ ಬಿರುಕು ಬಿಡುತ್ತದೆ. ಕೊನೆಗೆ ನಿಲ್ದಾಣ ಕಟ್ಟಿ ಮುಗಿಸಿ ಪಂಪ್ ನಿಲ್ಲಿಸಿದಿರಿ ಎನ್ನಿ. ನೀರು ತನ್ನ ಹಳೆಯ ಮಟ್ಟಕ್ಕೆ ವಾಪಸ್ ಬರುತ್ತದೆ. ಈಗ ನಿಮ್ಮ ನಿಲ್ದಾಣ ನೀರಿನಲ್ಲಿ ಕೂತ ಖಾಲಿ ದೋಣಿ. 200 ಮೀಟರ್ ಉದ್ದ, 20 ಮೀಟರ್ ಅಗಲ, ನೀರಿನ ಮಟ್ಟಕ್ಕಿಂತ 15 ಮೀಟರ್ ಕೆಳಗೆ ಎಂದು ಹಿಡಿದರೆ, ಅದನ್ನು ಮೇಲಕ್ಕೆತ್ತುವ ಬಲ 60,000 ಟನ್. ಕಾಂಕ್ರೀಟಿನ ತೂಕ, ಮೇಲಿನ ಮಣ್ಣಿನ ತೂಕ, ಗೋಡೆ ನೆಲಕ್ಕೆ ಕಚ್ಚಿಕೊಂಡ ಹಿಡಿತ ಎಲ್ಲ ಸೇರಿ ಅದಕ್ಕಿಂತ ಹೆಚ್ಚಿರಬೇಕು, ಇಲ್ಲದಿದ್ದರೆ ಬಂಡೆಗೆ ಕಟ್ಟಿಹಾಕಬೇಕು. ಮೆಜೆಸ್ಟಿಕ್ಕಿನಲ್ಲಿ ಈ ಲೆಕ್ಕಕ್ಕೆ ಇನ್ನೊಂದು ರುಚಿ ಇದೆ. ಈಗಿನ ಬಸ್ ನಿಲ್ದಾಣದ ಜಾಗ ಹಿಂದೆ ಧರ್ಮಾಂಬುಧಿ ಕೆರೆ. ಕೆರೆಯನ್ನು ಮುಚ್ಚಿದ್ದು ಮನುಷ್ಯರು, ಆ ಸುದ್ದಿ ನೀರಿಗೆ ಯಾರೂ ಹೇಳಿಲ್ಲ. ಮಳೆ ಬಂದರೆ ಅದು ಈಗಲೂ ಹಳೆಯ ವಿಳಾಸಕ್ಕೇ ಬರುತ್ತದೆ. ಅದಕ್ಕೇ ನೆಲದಡಿಯ ನಿಲ್ದಾಣದ ಬಾಗಿಲಿನಲ್ಲಿ ಮೊದಲು ನಾಲ್ಕು ಮೆಟ್ಟಿಲು ಹತ್ತಿಸಿ ಆಮೇಲೆ ಇಳಿಸುವುದು. ಕೆಳಗೆ ಹೋಗುವವರನ್ನು ಮೇಲೆ ಯಾಕೆ ಹತ್ತಿಸುತ್ತಾರೆ ಎಂದು ಗೊಣಗುವವರಿಗೆ ಇದು ಉತ್ತರ.

ಕೃಷ್ಣರಾಜ ಮಾರುಕಟ್ಟೆಯ ಹತ್ತಿರ ಅಗೆಯುವಾಗ 2012ರಲ್ಲಿ ಹದಿನೆಂಟನೆಯ ಶತಮಾನದ ಎರಡು ಫಿರಂಗಿಗಳು ಸಿಕ್ಕವು, ಕೋಟೆ ಪಕ್ಕದಲ್ಲೇ ಇದೆ. ಯಾರ ಕಾಲದವೆಂದು ಈ ಊರಿನಲ್ಲಿ ಹೇಳಿದರೆ ಉಪನ್ಯಾಸ ಬೇರೆ ದಿಕ್ಕಿಗೆ ಹೋಗುತ್ತದೆ, ಇಲ್ಲಿಗೇ ಬಿಡುತ್ತೇನೆ. ಅಂಥದು ಸಿಕ್ಕರೆ ಕೆಲಸ ನಿಲ್ಲುತ್ತದೆ ಎಂಬುದಷ್ಟೇ ನಮ್ಮ ಪಾಲಿನ ವಿಷಯ. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್ ಸ್ಥಳಾಂತರದ ಕಥೆ ಹೇಳಿದರೆ ರಾತ್ರಿಯಾಗುತ್ತದೆ. ಒಂದೇ ಮಾತು: ರಸ್ತೆಯ ಅಡಿಯಲ್ಲಿ ಏನಿದೆ ಎಂದು ಕೇಳಿದರೆ ಪ್ರತಿ ಇಲಾಖೆಯೂ ತನ್ನದು ಎಲ್ಲಿ ಇಲ್ಲ ಎಂಬುದನ್ನು ಮಾತ್ರ ಖಚಿತವಾಗಿ ಹೇಳುತ್ತಿತ್ತು.

ಗಾಳಿ, ಬೆಂಕಿಯ ವಿಷಯವೂ ಸ್ವಲ್ಪ. ಸುರಂಗದಲ್ಲಿ ರೈಲು ಪಿಚಕಾರಿಯ ದಂಡದ ಹಾಗೆ ಗಾಳಿಯನ್ನು ಮುಂದಕ್ಕೆ ತಳ್ಳಿಕೊಂಡು ಬರುತ್ತದೆ. ರೈಲು ಕಾಣುವ ಮೊದಲೇ ಮುಖಕ್ಕೆ ಗಾಳಿ ಹೊಡೆಯುವುದು ಅದಕ್ಕೆ. ಹೊಗೆ ಎದ್ದರೆ ದೊಡ್ಡ ಫ್ಯಾನುಗಳು ಹೊಗೆಯನ್ನು ಒಂದು ದಿಕ್ಕಿಗೆ ಎಳೆಯಬೇಕು, ಜನ ಎದುರು ದಿಕ್ಕಿಗೆ ನಡೆಯಬೇಕು. ಹೋಗುವ ಸುರಂಗ, ಬರುವ ಸುರಂಗ ಬೇರೆ ಬೇರೆ. ನಡುವೆ ಅಲ್ಲಲ್ಲಿ ಅಡ್ಡದಾರಿಗಳಿರುತ್ತವೆ, ಒಂದರಲ್ಲಿ ಅಪಾಯವಾದರೆ ಇನ್ನೊಂದಕ್ಕೆ ದಾಟಲು. ಆ ಅಡ್ಡದಾರಿಯನ್ನು ಮಾತ್ರ ದೊಡ್ಡ ಯಂತ್ರ ಕೊರೆಯಲಾರದು. ಕಟ್ಟಿ ಮುಗಿಸಿದ ಬಳೆಯನ್ನು ಕತ್ತರಿಸಿ, ಬ್ರುನೆಲ್‌ನ ಕೂಲಿಯವರ ಹಾಗೆ ಸ್ವಲ್ಪ ಸ್ವಲ್ಪವೇ ಅಗೆದು ಹೋಗಬೇಕು. ಕೆಲವು ಮೀಟರಿನ ಆ ದಾರಿಗೆ ನಾವು ಕಳೆದಷ್ಟು ನಿದ್ದೆಯಿಲ್ಲದ ರಾತ್ರಿಗಳನ್ನು ಇಡೀ ಸುರಂಗಕ್ಕೆ ಕಳೆದಿರಲಿಲ್ಲ.

2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗ ಅದು ಹೆಚ್ಚುಕಡಿಮೆ ಪೂರ್ತಿ ಸೇತುವೆಯ ಮೇಲೆ. ನೆಲದಡಿಯ ಮೊದಲ ಭಾಗ ತೆರೆಯಲು 2016ರ ಏಪ್ರಿಲ್ ಬರಬೇಕಾಯಿತು. ಡೈರಿ ವೃತ್ತದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗದ 13.76 ಕಿಲೋಮೀಟರ್ ನೆಲದಡಿಯ ಭಾಗಕ್ಕೆ ಒಂಬತ್ತು ಯಂತ್ರಗಳು ಇಳಿದವು. ಕೊನೆಯದು ತುಂಗಾ, 2024ರ ಅಕ್ಟೋಬರ್ 30ರಂದು ನಾಗವಾರದಲ್ಲಿ ಗೋಡೆ ಒಡೆದು ಹೊರಬಂತು. ಧೂಳಿನ ನಡುವೆ ಆ ತಟ್ಟೆ ತಿರುಗುತ್ತಾ ಕಾಣಿಸಿಕೊಂಡಾಗ ಎಲ್ಲರೂ ಚಪ್ಪಾಳೆ ಹೊಡೆದರು. ನಮ್ಮ ಗುಂಪಿನವರು ಮಾತ್ರ ಫೋನಿನಲ್ಲಿ ಮೇಲಿನ ಅಳತೆ ನೋಡುತ್ತಿದ್ದೆವು.

ಮಾತು ಮುಗಿದ ಮೇಲೆ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಕೊಡುತ್ತೇನೆ. ಸಂಪಾಜೆ ಘಾಟಿ ಮಳೆಗಾಲದಲ್ಲಿ ಕುಸಿಯುತ್ತಲೇ ಇರುತ್ತದೆ, ರಸ್ತೆಯನ್ನೇ ಸುರಂಗದೊಳಗೆ ಹಾಕಬಾರದೇ ಎಂದು ಕಾಲೇಜು ಹುಡುಗನೊಬ್ಬ ಕೇಳಿದ. ಆಗುತ್ತದೆ, ಆಗುವುದಿಲ್ಲ ಎಂದು ಇಲ್ಲಿ ನಿಂತು ಹೇಳುವವನನ್ನು ನಂಬಬೇಡ ಎಂದೆ. ಮೊದಲು ಆ ದಾರಿಯುದ್ದಕ್ಕೂ ಆಳದ ಕೊಳವೆ ಕೊರೆದು ಕಲ್ಲಿನ ಮಾದರಿ ತೆಗೆಯಬೇಕು. ಪ್ರತಿ ಕೊಳವೆಯಲ್ಲೂ ಪಿಜೋಮೀಟರ್ ಇಟ್ಟು, ಕನಿಷ್ಠ ಮೂರು ಮಳೆಗಾಲ ಸುಮ್ಮನೆ ಓದುತ್ತಾ ಕೂರಬೇಕು. ಮೂರು ಮಳೆಗಾಲ ಕಾಯುವ ಸರ್ಕಾರ ಸಿಕ್ಕರೆ ನನಗೆ ಫೋನ್ ಮಾಡು.

ಇನ್ನೊಂದು ಪ್ರಶ್ನೆ ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಅಮ್ಮ ಒಬ್ಬರದು. ‘ಎಲ್ಲ ಸರಿ ಮಗನೇ, ತೆಗೆದ ಮಣ್ಣನ್ನು ಎಲ್ಲಿ ಹಾಕಿದಿರಿ?’ ಹನ್ನೊಂದು ವರ್ಷದಲ್ಲಿ ಬೆಂಗಳೂರಿನ ಯಾವ ಸಭೆಯಲ್ಲೂ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. ಅಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಗುಲಾಬಿ ಮಾರ್ಗದ ಎರಡೂ ಸುರಂಗ ಸೇರಿ ಸುಮಾರು 21 ಕಿಲೋಮೀಟರ್. ನೆಲದಲ್ಲಿದ್ದಾಗ ಏಳು ಲಕ್ಷ ಘನಮೀಟರ್, ಕೊರೆದ ಮೇಲೆ ಉಬ್ಬಿ ಹತ್ತು ಲಕ್ಷ. ಟಿಪ್ಪರಿಗೆ ಹತ್ತು ಘನಮೀಟರ್ ಎಂದರೆ ಒಂದು ಲಕ್ಷ ಲೋಡು, ನಿಲ್ದಾಣದ ಗುಂಡಿಗಳದ್ದು ಬೇರೆ.

‘ಒಂದು ಲಕ್ಷವಾ?’ ಎಂದು ಅಮ್ಮ ಪಕ್ಕದವರ ಮುಖ ನೋಡಿದರು. ‘ನಮ್ಮ ಕೆಳಗಿನ ಮನೆಯವನು ಹೋಂಸ್ಟೇಗೆಂದು ನಲವತ್ತು ಲೋಡು ತೆಗೆದು ತೋಡಿನ ನೀರಿಗೆ ಹಾಕಿದ್ದಕ್ಕೇ ನಮ್ಮ ಗದ್ದೆ ಹೋಯಿತು.’